ಪುಸ್ತಕದಲ್ಲಿಲ್ಲದ ಮರ

ಹೋದ ತಿಂಗಳು ಬಸರೀಕಟ್ಟೆಯಿಂದ ಶ್ವೇತಾ ಎಂಬ ಹುಡುಗಿ ಕೊಪ್ಪದ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಮಾನವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಈಗಷ್ಟೇ ಸಂಶೋಧನೆಗೆ ಸೇರಿದ್ದಾಳೆ. ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಜಾರ್ಖಂಡಿನ ಕೆಲಸಗಾರರು ಭಾನುವಾರ ಪ್ರಾರ್ಥನೆ ನಡೆಸುತ್ತಾರಂತೆ. ಏಸುವಿನ ಹಾಡೂ ಇದೆ, ಅವರ ಊರಿನ ಸತ್ತ ಹಿರಿಯರಿಗೆ ಅನ್ನ ಇಡುವುದೂ ಇದೆ. ಅದರ ಮೇಲೆ ಇವಳ ಕೆಲಸ. “ಮೇಡಂ, ಫೀಲ್ಡಿಗೆ ಹೋಗುವಾಗ ಎಂತೆಂತ ತಗೊಂಡು ಹೋಗಬೇಕು?” ಎಂದು ಕೇಳಿದಳು. ನಾನು ಎರಡು ಪೆನ್ನು, ಟಾರ್ಚು, ಜ್ವರದ ಮಾತ್ರೆ, ರಕ್ತ ಹೀರುವ ಉಂಬಳ ಹತ್ತದ ಹಾಗೆ ಉದ್ದ ಕಾಲುಚೀಲ ಎಂದು ಪಟ್ಟಿ ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೆ ಸಂಕಟ ಶುರುವಾಯಿತು. ಹೇಳಬೇಕಾದದ್ದನ್ನು ಬಿಟ್ಟು ಕಾಲುಚೀಲದ ವಿಷಯ ಹೇಳಿದ್ದೆ.

ನನ್ನದು ಹುಟ್ಟಾ ಆತಂಕದ ಜೀವ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದು ನೋಡಿದವಳು ನಾನು. ಇಂಥವಳು ಎರಡು ವರ್ಷ ಕೀನ್ಯಾದ ಹಳ್ಳಿಯಲ್ಲಿದ್ದಳು ಎಂದರೆ ಊರವರು ನಂಬುವುದಿಲ್ಲ. ನಂಬಿದವರು ಸಿಂಹ ನೋಡಿದಿರಾ ಎನ್ನುತ್ತಾರೆ. ಸಿಂಹ ನೋಡಿಲ್ಲ. ನೋಡಿದ್ದನ್ನು ಸರಿಯಾಗಿ ಬರೆಯಲೂ ಇಲ್ಲ. ಈ ಬರಹ ಅದರ ಬಗ್ಗೆ. ನಾನು ರೀಡರ್ ಆದದ್ದು, ಪ್ರೊಫೆಸರ್ ಆದದ್ದು, ವಿಭಾಗದ ಮುಖ್ಯಸ್ಥೆಯಾಗಿ ಕುರ್ಚಿ ಟೇಬಲ್ಲಿಗೆ ಅರ್ಜಿ ಬರೆದದ್ದು ಇಲ್ಲಿ ಯಾರಿಗೂ ಬೇಡ.

ಈ ಕೆಲಸದ ರುಚಿ ಹತ್ತಿದ್ದು ನರಸಿಂಹರಾಜಪುರದಲ್ಲಿ. ಅಪ್ಪಯ್ಯ ಶೃಂಗೇರಿಯಲ್ಲಿ ವೇದಪಾಠ ಹೇಳುತ್ತಿದ್ದರು. ಹೈಸ್ಕೂಲಿಗೆ ನನ್ನನ್ನು ಎನ್.ಆರ್. ಪುರದಲ್ಲಿದ್ದ ಸೋದರಮಾವನ ಮನೆಯಲ್ಲಿ ಬಿಟ್ಟರು. ಅಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಏಲಿಯಮ್ಮ. ಅವಳ ಅಜ್ಜ ಕೇರಳದಿಂದ ಬಂದು ಕಾಡಿನ ಅಂಚಿನಲ್ಲಿ ನೆಲೆಸಿದ ಕ್ರೈಸ್ತರು. ಅವರ ಮನೆಗೆ ಮೊದಲ ಸಲ ಹೋದಾಗ ಹಿತ್ತಾಳೆಯ ದೀಪದ ಕಂಬ ಕಂಡೆ. ನಮ್ಮ ದೇವರ ಮನೆಯದರಂತೆಯೇ ಇತ್ತು, ತುದಿಯಲ್ಲಿ ಮಾತ್ರ ಶಿಲುಬೆ. ಮನೆಗೆ ಬಂದು, ಅವರ ದೀಪಕ್ಕೂ ನಮ್ಮ ದೀಪಕ್ಕೂ ಒಂದೇ ಎಣ್ಣೆ ಹಾಕುತ್ತಾರಾ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಉತ್ತರ ಕೊಡಲಿಲ್ಲ, ಬಚ್ಚಲಿಗೆ ಕಳಿಸಿ ಸ್ನಾನ ಮಾಡಿಸಿದರು. ಉತ್ತರ ಸಿಗದ ಆ ಪ್ರಶ್ನೆ ನನ್ನನ್ನು ಕೊನೆಗೆ ವಿಕ್ಟೋರಿಯಾ ಸರೋವರದ ದಡದವರೆಗೆ ಕರೆದುಕೊಂಡು ಹೋಯಿತು.

ವಿಶ್ವವಿದ್ಯಾಲಯದಲ್ಲಿ ನನಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಬಹಳ ಖಡಕ್ ಮನುಷ್ಯ. ಅವರು ಕಲಿಸಿದ್ದು ಒಂದೇ ಪದ್ಧತಿ. ನೋಟ್‌ಬುಕ್ಕಿನ ಎಡಪುಟಕ್ಕೆ ಕಂಡದ್ದು, ಬಲಪುಟಕ್ಕೆ ಕೇಳಿದ್ದು, ಹಿಂಬದಿಯ ಹಾಳೆಗಳಿಗೆ ಅನಿಸಿದ್ದು. ಒಂದರದ್ದು ಇನ್ನೊಂದಕ್ಕೆ ಹೋಗಬಾರದು. ನೀನು ಕಣ್ಣಾರೆ ಕಾಣದ್ದನ್ನು ಎಡಪುಟದಲ್ಲಿ ಬರೆದರೆ ಇಡೀ ನೋಟ್‌ಬುಕ್ಕು ಒಲೆಗೆ ಹಾಕು ಎನ್ನುತ್ತಿದ್ದರು. ತಿಂಗಳಿಗೊಮ್ಮೆ ನೋಟ್‌ಬುಕ್ಕುಗಳನ್ನು ಅಂಚೆಯಲ್ಲಿ ತರಿಸಿಕೊಂಡು ಕೆಂಪು ಪೆನ್ಸಿಲಿನಲ್ಲಿ ಗೀಚಿ ಕಳಿಸುತ್ತಿದ್ದರು. ಅವರ ಕೆಂಪು ಗೀಟಿಗೆ ನಾನು ಹೆದರಿದಷ್ಟು ಆ ದೇಶದ ಹಾವಿಗೂ ಹೆದರಲಿಲ್ಲ.

ನಾನು ಹೋದ ಊರು ಪಶ್ಚಿಮ ಕೀನ್ಯಾದ ಒಂದು ಗುಡ್ಡದ ಮೇಲಿತ್ತು. ಬಿಳಿಯರ ಮಿಷನ್ ಚರ್ಚು ಕೆಳಗೆ ರಸ್ತೆ ಬದಿಯಲ್ಲಿ. ಅದನ್ನು ಬಿಟ್ಟು ಬಂದ ಒಬ್ಬ ಹೆಂಗಸು ಗುಡ್ಡದ ಮೇಲೆ ತನ್ನದೇ ಸಭೆ ಕಟ್ಟಿದ್ದರು. ಎಲ್ಲರೂ ಅವರನ್ನು ತಾಯಿ ಎಂದೇ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಬಿಳಿ ನಿಲುವಂಗಿ, ಬರಿಗಾಲು, ಆರ್ಗನ್ನಿನ ಬದಲು ಡೋಲು. ಬೈಬಲ್ ಓದುತ್ತಿದ್ದರು. ಸತ್ತ ಹಿರಿಯರು ಕನಸಿನಲ್ಲಿ ಬಂದು ಹೇಳಿದ್ದನ್ನೂ ಅಷ್ಟೇ ಗಂಭೀರವಾಗಿ ಕೇಳುತ್ತಿದ್ದರು. ಕಾಯಿಲೆಯವರಿಗೆ ಸೋರೆಬುರುಡೆಯಿಂದ ನೀರು ಕೊಡುತ್ತಿದ್ದರು. ಆ ಬುರುಡೆಯೇ ಸಭೆಯ ಅಧಿಕಾರ. ಅದು ಯಾರ ಕೈಯಲ್ಲಿದೆಯೋ ಅವರ ಮಾತು ನಡೆಯುತ್ತದೆ.

ಮೊದಲ ವಾರವೇ ನಗೆಪಾಟಲಾದೆ. ಅಚ್ಚು ಹಾಕಿಸಿದ ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋದೆ. ನಿಮ್ಮ ಧರ್ಮ ಯಾವುದು ಎಂಬ ಪ್ರಶ್ನೆಯ ಕೆಳಗೆ ಎರಡು ಚೌಕ. ಒಂದು ಕ್ರೈಸ್ತ, ಇನ್ನೊಂದು ಸಾಂಪ್ರದಾಯಿಕ. ಒಬ್ಬ ಮುದುಕಿ ಹಾಳೆಯನ್ನು ಬಹಳ ಹೊತ್ತು ನೋಡಿ, ಎರಡು ಚೌಕದ ನಡುವೆ ಇಷ್ಟು ಜಾಗ ಬಿಟ್ಟಿದೀಯಲ್ಲ, ನನ್ನ ಗುರುತು ಅಲ್ಲಿ ಹಾಕು ಎಂದಳು. ಉಳಿದ ಪ್ರಶ್ನಾವಳಿಗಳು ಒಲೆ ಹೊತ್ತಿಸಲು ಉಪಯೋಗವಾದವು.

ಆ ಸಭೆಯ ಇನ್ನೊಂದು ಪದ್ಧತಿ ಹೇಳಲೇಬೇಕು. ಪ್ರಾರ್ಥನೆಯ ಗುಡಿಸಲಿನ ಬಾಗಿಲಲ್ಲಿ ಪ್ರತಿಯೊಬ್ಬರೂ ತಮ್ಮ ತಪ್ಪನ್ನು ಗಟ್ಟಿಯಾಗಿ ಹೇಳಿ ಒಳಗೆ ಹೋಗಬೇಕು. ನೆರೆಯವಳ ಕೋಳಿ ಓಡಿಸಿದೆ, ಗಂಡನಿಗೆ ಸುಳ್ಳು ಹೇಳಿದೆ, ಹೀಗೆ. ತಪ್ಪು ಒಪ್ಪಿಕೊಳ್ಳದ ಬಾಯಿಯ ಸಾಕ್ಷಿಯನ್ನು ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ನನ್ನ ಸರದಿ ಬಂದಾಗಲೆಲ್ಲ ನಾನು ನೋಟ್‌ಬುಕ್ ಎತ್ತಿ ತೋರಿಸಿ, ನಾನು ಸಂಶೋಧನೆಗೆ ಬಂದವಳು ಎನ್ನುತ್ತಿದ್ದೆ. ತಾಯಿ ನಕ್ಕು, ಇಂಡಿಯಾದ ಮಗಳದ್ದು ಇನ್ನೊಂದು ದಿನ ಎಂದು ಒಳಗೆ ಬಿಡುತ್ತಿದ್ದರು.

ನನ್ನ ದುಭಾಷಿ ಒಡಿಯಾಂಬೊ. ತಾಯಿಯ ಅಣ್ಣನ ಮಗ, ಮಿಷನ್ ಶಾಲೆಯಲ್ಲಿ ಓದಿದವನು, ಬಹಳ ಚುರುಕು. ಅವನಿಲ್ಲದಿದ್ದರೆ ನಾನು ಆ ಊರಿನಲ್ಲಿ ಕಿವುಡಿ. ಸಭೆಯಲ್ಲಿ ತಾಯಿಗೆ ಹತ್ತಿರದವಳು ಇನ್ನೊಬ್ಬಳಿದ್ದಳು, ಅತಿಯೆನೊ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ವಿಧವೆ. ಅಲ್ಲಿನ ವಾಡಿಕೆಯಂತೆ ಗಂಡನ ತಮ್ಮನ ಮನೆ ಸೇರಬೇಕಿತ್ತು. ಒಲ್ಲೆ ಎಂದು ಗುಡ್ಡ ಹತ್ತಿ ಬಂದು ತಾಯಿಯ ಬಳಿ ಉಳಿದುಬಿಟ್ಟಿದ್ದಳು. ಊರವರು ಅವಳನ್ನು ಸೊಕ್ಕಿನವಳು ಎನ್ನುತ್ತಿದ್ದರು. ತಾಯಿಗೆ ವಯಸ್ಸಾಗಿತ್ತು. ಬುರುಡೆ ಮುಂದೆ ಒಡಿಯಾಂಬೊಗೋ ಅತಿಯೆನೊಗೋ ಎಂಬುದೇ ಎಲ್ಲರ ಮಾತು.

ಒಂದು ಭಾನುವಾರ ತಾಯಿ, ಬರುವ ವಾರ ನನ್ನ ನಂತರದವರು ಯಾರೆಂದು ತಿಳಿಸುತ್ತೇನೆ ಎಂದರು. ನನಗೆ ಇಡೀ ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಇಂಥ ಘಟನೆ ಕಣ್ಣಮುಂದೆ ನಡೆಯುವುದು ನಮ್ಮ ವೃತ್ತಿಯವರಲ್ಲಿ ಎಲ್ಲೋ ಒಬ್ಬರಿಗೆ. ಟೇಪ್ ರೆಕಾರ್ಡರಿನ ಬ್ಯಾಟರಿ ಹತ್ತು ಸಲ ತೆಗೆದು ಹಾಕಿ ನೋಡಿದೆ.

ಆ ಭಾನುವಾರ ಬೆಳಿಗ್ಗೆ ನಾನು ಮುಟ್ಟಾದೆ.

ಆ ಸಭೆಯಲ್ಲೂ ಮುಟ್ಟಾದ ಹೆಂಗಸರು ಗುಡಿಸಲಿನ ಒಳಗೆ ಬರುವಂತಿರಲಿಲ್ಲ, ಬುರುಡೆ ಮುಟ್ಟುವಂತಿರಲಿಲ್ಲ. ನೂರು ಹೆಜ್ಜೆ ದೂರದಲ್ಲಿ ಒಂದು ದೊಡ್ಡ ಅತ್ತಿಯ ಜಾತಿಯ ಮರ. ಅದರ ಕೆಳಗೆ ಕೂರಬೇಕು. ಬೇರೆ ತಿಂಗಳುಗಳಲ್ಲಿ ನಾನೂ ಅಲ್ಲೇ ಕೂರುತ್ತಿದ್ದೆ. ಆದರೆ ಆ ದಿನದ ನನ್ನ ವಿಷಯ ಇನ್ನೂ ಯಾರಿಗೆ ಗೊತ್ತಿತ್ತು? ಸುಮ್ಮನೆ ಒಳಗೆ ಹೋಗಬಹುದಿತ್ತು. ಹೋಗಬೇಕೆಂದು ಹೊರಟೆ ಕೂಡ. ಶೃಂಗೇರಿಯ ಮನೆಯಲ್ಲಿ ಹದಿಮೂರನೆಯ ವಯಸ್ಸಿನಿಂದ ಹಿತ್ತಲ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಅಮ್ಮ ದೂರದಿಂದ ಬಡಿಸಿದ್ದನ್ನು ಉಂಡವಳು ನಾನು. ಆ ಪದ್ಧತಿಯನ್ನು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಬೈದು ಬಹುಮಾನ ತಗೊಂಡವಳೂ ನಾನೇ. ಅಮ್ಮ ಅಲ್ಲಿರಲಿಲ್ಲ, ಅತ್ತೆ ಇರಲಿಲ್ಲ. ಆದರೂ ಬಾಗಿಲ ಹತ್ತಿರ ಹೋದಾಗ ಕಾಲು ಮುಂದೆ ಹೋಗಲಿಲ್ಲ. ರೆಕಾರ್ಡರನ್ನು ಒಡಿಯಾಂಬೊ ಕೈಗೆ ಕೊಟ್ಟು, ತಲೆನೋವು, ನೀನೇ ರೆಕಾರ್ಡ್ ಮಾಡು, ಬ್ಯಾಟರಿ ಕಡಿಮೆ ಇದೆ, ಆಗಾಗ ನಿಲ್ಲಿಸು ಎಂದು ಹೇಳಿ ಮರದ ಕಡೆ ನಡೆದೆ.

ಮರದಡಿಯಲ್ಲಿ ಮೂವರು ಕೂತಿದ್ದರು. ಇಬ್ಬರು ವಯಸ್ಸಾಗುತ್ತಾ ಬಂದವರು, ಮೂರನೆಯವಳು ಅತಿಯೆನೊ. ಅವಳಿಗೂ ಅದೇ ದಿನ. ಏನೂ ಕೇಳದೆ ಸರಿದು ಜಾಗ ಕೊಟ್ಟಳು. ಮಡಿಲಲ್ಲಿ ಅಲಸಂದೆ ಕೋಡು ಇತ್ತು, ಒಂದು ಹಿಡಿ ನನ್ನ ಮುಂದೆ ಸುರಿದಳು. ನಾವು ನಾಲ್ವರೂ ಸುಲಿಯುತ್ತ ಕೂತೆವು. ಗುಡಿಸಲಿನಿಂದ ಡೋಲು ಕೇಳುತ್ತಿತ್ತು, ಆಮೇಲೆ ನಿಂತಿತು. ತಾಯಿ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ನನಗೆ ಅಳು ಬರುವ ಹಾಗಾಗಿತ್ತು.

ಪ್ರಾರ್ಥನೆ ಮುಗಿದ ಮೇಲೆ ತಾಯಿ ನೆಟ್ಟಗೆ ಮರದ ಹತ್ತಿರ ಬಂದು ನಮ್ಮ ಪಕ್ಕದಲ್ಲೇ ಕೂತರು. ಬುರುಡೆಯಿಂದ ನನ್ನ ಅಂಗೈಗೆ ನೀರು ಹಾಕಿದರು. ನಾನು ಯೋಚನೆಯನ್ನೇ ಮಾಡದೆ ತೀರ್ಥ ತಗೊಂಡ ಹಾಗೆ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ. ಹೆಂಗಸರೆಲ್ಲ ನಕ್ಕರು, ತಾಯಿಯೂ ನಕ್ಕರು. ನೀನು ಬಹಳ ಸೊರಗಿದ್ದೀಯ ಎಂದು ನನ್ನ ಕೆನ್ನೆ ಮುಟ್ಟಿದರು. ಸ್ವಲ್ಪ ಹೊತ್ತಿನ ಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, ಎರಡೂ ಕೈ ಬೀಸಿಕೊಂಡು ಇಳಿಜಾರಿನಲ್ಲಿ ಮನೆ ಕಡೆ ಹೋದರು. ಅತಿಯೆನೊ ಆಮೇಲೆ ಒಂದು ಕೋಡೂ ಸುಲಿಯಲಿಲ್ಲ. ದಣಿದಿದ್ದಾಳೆ ಎಂದುಕೊಂಡು ಉಳಿದದ್ದನ್ನು ನಾನೇ ಸುಲಿದು ಮುಗಿಸಿದೆ.

ಸಂಜೆ ಒಡಿಯಾಂಬೊ ಬಂದು ವರದಿ ಕೊಟ್ಟ. ಬುರುಡೆ ನಮ್ಮ ಮನೆತನದಲ್ಲೇ ಉಳಿಯಬೇಕು, ಅತಿಯೆನೊ ಅದನ್ನು ಹಿಡಿಯಕೂಡದು ಎಂದು ತಾಯಿ ಹೇಳಿದರು ಎಂದ. ನಾನು ನೋಟ್‌ಬುಕ್ ತೆರೆದೆ. ಇದು ಬಲಪುಟಕ್ಕೆ ಹೋಗಬೇಕಾದ ಮಾತು. ಆದರೆ ಬಲಪುಟದಲ್ಲಿ ಬರೆದರೆ ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ, ನೀನೆಲ್ಲಿದ್ದೆ, ಎಂದು ಕೇಳುತ್ತಾರೆ. ಎರಡು ವರ್ಷದ ಕೆಲಸದ ಅತಿ ಮುಖ್ಯ ದಿನ ನಾನು ಮುಟ್ಟಾಗಿ ಹೊರಗೆ ಕೂತಿದ್ದೆ ಎಂದು ಆ ಗಂಡಸಿಗೆ ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ. ಎಡಪುಟದಲ್ಲಿ ಬರೆದೆ. ಗುಡಿಸಲಿನ ಒಳಗೆ ನನ್ನ ಎದುರೇ ತಾಯಿ ಹೀಗೆ ಹೇಳಿದರು ಎಂದು ಬರೆದೆ. ಮರದ ವಿಷಯ ಯಾವ ಪುಟದಲ್ಲೂ ಬರೆಯಲಿಲ್ಲ.

ಮೇಷ್ಟ್ರು ಆ ಪುಟಕ್ಕೆ ಮಾತ್ರ ಕೆಂಪು ಗೀಟು ಹಾಕಲಿಲ್ಲ. ಬದಿಯಲ್ಲಿ ಶಹಬ್ಬಾಸ್ ಎಂದು ಬರೆದಿದ್ದರು. ನಾನು ವಾಪಸು ಬಂದ ಐದು ತಿಂಗಳಿಗೆ ತಾಯಿ ತೀರಿಕೊಂಡರು. ಒಡಿಯಾಂಬೊ ಮುಖ್ಯಸ್ಥನಾದ ಎಂದು ಅವನೇ ಪತ್ರ ಬರೆದ. ಆಮೇಲೆ ನನ್ನ ಪ್ರಬಂಧ ಇಂಗ್ಲಿಷಿನಲ್ಲಿ ಪುಸ್ತಕವಾಯಿತು, ಒಂದು ಪ್ರತಿಯನ್ನು ಒಡಿಯಾಂಬೊಗೂ ಕಳಿಸಿದೆ. ಅದರ ಅತಿ ಒಳ್ಳೆಯ ಅಧ್ಯಾಯ ಅದೇ ಎಂದು ನಾಲ್ಕು ಜನ ಹೊಗಳಿದರು. ಹೊಗಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಆಮೇಲೆ ಅದೂ ಅಭ್ಯಾಸವಾಯಿತು. ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತು ಕಂಡದ್ದು ಬೇರೆ ಕೇಳಿದ್ದು ಬೇರೆ ಎಂದು ಪಾಠ ಮಾಡಿದೆ, ನಾಲಿಗೆ ತೊದಲಲಿಲ್ಲ.

ಈಗಿನವರಿಗೆ ಫೋನೇ ರೆಕಾರ್ಡರು, ಫೋನೇ ಕ್ಯಾಮೆರಾ. ಫೀಲ್ಡಿಗೆ ಹೋಗುವ ಮೊದಲು ಹತ್ತು ಫಾರ್ಮಿಗೆ ಸಹಿ, ಸಮಿತಿಯ ಒಪ್ಪಿಗೆ. ಒಳ್ಳೆಯದೇ. ಆದರೆ ಯಾವ ಫಾರ್ಮಿನಲ್ಲೂ ನೀನು ಆ ದಿನ ಅಲ್ಲಿದ್ದೆಯಾ ಎಂಬ ಪ್ರಶ್ನೆ ಇಲ್ಲ. ಇನ್ನೊಂದು ಬದಲಾವಣೆಯನ್ನು ನಮ್ಮ ಕಾಲದವರು ಎಣಿಸಿರಲಿಲ್ಲ. ನಾವು ಬರೆದದ್ದನ್ನು, ಯಾರ ಬಗ್ಗೆ ಬರೆದೆವೋ ಅವರು ಓದುತ್ತಾರೆ.

ಹೋದ ವರ್ಷ ನನ್ನ ಫೋನಿಗೆ ಒಂದು ಮೆಸೇಜು ಬಂತು. ಆ ಗುಡ್ಡದ ಸಭೆಯ ಹಿರಿಯರ ಪರವಾಗಿ ಅವರ ಕಾರ್ಯದರ್ಶಿ ಬರೆದಿದ್ದರು. ಒಡಿಯಾಂಬೊ ತೀರಿಕೊಂಡಿದ್ದಾನೆ. ಅತಿಯೆನೊಗೆ ಎಪ್ಪತ್ತು ದಾಟಿದೆ, ಮೈ ಹುಷಾರಿಲ್ಲ. ತಾಯಿ ಬುರುಡೆಯನ್ನು ತನಗೇ ಕೊಟ್ಟಿದ್ದರು, ಸಾಯುವ ಮೊದಲು ಒಂದು ಸಲ ಅದರಿಂದ ಜನರಿಗೆ ನೀರು ಕೊಡಬೇಕು ಎಂದು ಕೇಳುತ್ತಿದ್ದಾಳೆ. ತಾಯಿ ಸತ್ತು, ಗುಡಿಸಲಿನಲ್ಲಿದ್ದ ಬುರುಡೆಯನ್ನು ಒಡಿಯಾಂಬೊ ಎತ್ತಿಕೊಂಡಾಗಲೂ ಹೀಗೇ ಹೇಳಿದ್ದಳು. ತಾಯಿ ಹೇಳಿದ್ದೇನು ಎಂದು ಒಳಗಿದ್ದವರೇ ಎರಡು ಪಕ್ಷವಾಗಿದ್ದರು, ಮರದಡಿ ಇದ್ದ ಇನ್ನಿಬ್ಬರು ಹೆಂಗಸರು ಒಡಿಯಾಂಬೊನ ಮನೆತನದವರು, ಸಾಕ್ಷಿಗೆ ಬರಲಿಲ್ಲ. ಇಂಡಿಯಾದ ಮಗಳು ಆ ದಿನ ನನ್ನ ಜೊತೆ ಮರದಡಿ ಇದ್ದಳು, ಅವಳನ್ನೇ ಕೇಳಿ ಎಂದಿದ್ದಳು. ಆ ಜಗಳ ಮುಗಿಯುವ ಮೊದಲೇ ನನ್ನ ಪುಸ್ತಕ ಅಚ್ಚಾಗಿ ಬಂತು, ಒಡಿಯಾಂಬೊ ಅದನ್ನು ತೆರೆದು ತೋರಿಸಿದ್ದ. ಅದರಲ್ಲಿ ನಾನು ಗುಡಿಸಲಿನ ಒಳಗಿದ್ದೆ. ಆದ್ದರಿಂದ ಅತಿಯೆನೊ ಸುಳ್ಳುಗಾತಿ ಎಂದು ತೀರ್ಮಾನವಾಗಿ ಅವಳನ್ನು ಸಭೆಯಿಂದ ಹೊರಗೆ ಹಾಕಿದರು. ಅಂದಿನಿಂದ ಎರಡು ಗುಡ್ಡ ಆಚೆ ತಂಗಿಯ ಮನೆಯಲ್ಲಿದ್ದಾಳೆ. ಪುಸ್ತಕದಲ್ಲಿ ಬರೆದದ್ದು ನಿಜವೇ ಎಂದು ತಾವೊಮ್ಮೆ ತಿಳಿಸಬೇಕು ಎಂದು ಮೆಸೇಜು ಮುಗಿದಿತ್ತು.

ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನನ್ನ ಸುಳ್ಳು ನನ್ನೊಬ್ಬಳದ್ದು, ಯಾರಿಗೂ ನೋವಿಲ್ಲದ್ದು ಎಂದು ನಂಬಿಕೊಂಡು ಮುದುಕಿಯಾಗಿದ್ದೆ. ಅಷ್ಟೂ ವರ್ಷ ಆ ಒಂದು ಪುಟ ಒಬ್ಬ ಹೆಂಗಸನ್ನು ಊರಾಚೆ ಇಟ್ಟಿತ್ತು.

ಆಗಲೂ ನಿಜ ಹೇಳುವ ಧೈರ್ಯ ಬರಲಿಲ್ಲ. ಬೇರೆ ದಾರಿ ಹುಡುಕಿದೆ. ಆ ದಿನದ ಕ್ಯಾಸೆಟ್ ನನ್ನ ಬಳಿಯೇ ಇತ್ತು. ಅದರ ಮಾತನ್ನು ಕಾಗದಕ್ಕೆ ಇಳಿಸಿಕೊಟ್ಟವನೂ ಒಡಿಯಾಂಬೊನೇ. ನಾನು ಪೂರ್ತಿ ಕೇಳಿರಲಿಲ್ಲ. ತಾಯಿಯ ದನಿ ಅದರಲ್ಲಿ ಸಿಕ್ಕರೆ ಅದನ್ನೇ ಕಳಿಸಿದರಾಯಿತು, ನಾನು ಎಲ್ಲಿದ್ದೆ ಎಂದು ಯಾರೂ ಕೇಳುವುದಿಲ್ಲ ಎಂದುಕೊಂಡೆ. ಟ್ರಂಕಿನ ತಳದಿಂದ ತೆಗೆದರೆ ಟೇಪಿನ ತುಂಬ ಬೂಷ್ಟು. ಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ ಮಿಕ್ಸಿ, ರೇಡಿಯೋ ರಿಪೇರಿ ಮಾಡುವ ಸದಾನಂದನ ಅಂಗಡಿಗೆ ಹೋದೆ. ಅವನು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, “ಇದೆಂತ ಮಾರಾಯ್ರೆ, ಇದಕ್ಕೆ ಸ್ನಾನವೇ ಮಾಡಿಸಬೇಕು” ಎಂದ. ಮೂರು ದಿನ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮೊಳ ಮೊಳ ಒರೆಸಿದ. ಆ ಮೂರು ದಿನ ನಾನು ಒಂದು ತುತ್ತು ನೆಮ್ಮದಿಯಾಗಿ ಉಣ್ಣಲಿಲ್ಲ.

ನಾಲ್ಕನೆಯ ದಿನ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳಿದೆ. ಡೋಲು, ಹಾಡು, ಮತ್ತೆ ಡೋಲು. ತಾಯಿ ಕೆಮ್ಮಿ ಗಂಟಲು ಸರಿಮಾಡಿಕೊಂಡು, ನನ್ನ ಮಕ್ಕಳೇ ಎಂದರು. ಟಕ್ ಎಂದು ಸದ್ದಾಯಿತು. ಆಮೇಲೆ ಮುಕ್ತಾಯದ ಹಾಡು. ಯಾರೋ ನಿಲ್ಲಿಸಿದ್ದಾರೆ ಇಲ್ಲಿ ಎಂದ ಸದಾನಂದ. ಯಾರು ಎಂದು ನನಗೆ ಗೊತ್ತು. ಬೇಕೆಂದೇ ನಿಲ್ಲಿಸಿದನೋ, ಬ್ಯಾಟರಿ ಉಳಿಸೆಂದು ನಾನೇ ಹೇಳಿದ್ದಕ್ಕೆ ನಿಲ್ಲಿಸಿದನೋ, ಅದು ಗೊತ್ತಿಲ್ಲ. ಅವನು ಸುಳ್ಳು ಹೇಳಿದ ಎನ್ನಲು ನನಗೆ ಹಕ್ಕೂ ಇಲ್ಲ, ನಾನು ಅಲ್ಲಿರಲಿಲ್ಲ.

ಉಳಿದದ್ದು ನನ್ನ ಬಾಯಿ ಮಾತ್ರ. ಬಸ್ ಹತ್ತಿ ಎನ್.ಆರ್. ಪುರಕ್ಕೆ ಹೋದೆ. ಏಲಿಯಮ್ಮ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾಗಿ ಅದೇ ಮನೆಯಲ್ಲಿದ್ದಾಳೆ. ಅವಳಿಗೆ ಎಲ್ಲ ಹೇಳಿದೆ, ಜೀವನದಲ್ಲಿ ಮೊದಲ ಸಲ. ಪುಸ್ತಕ ಹೋಗುತ್ತದೆ, ಹೆಸರು ಹೋಗುತ್ತದೆ, ನನ್ನ ವಿದ್ಯಾರ್ಥಿಗಳು ಏನೆಂದಾರು ಎಂದು ಕಣ್ಣೀರು ಹಾಕಿದೆ. ಅವಳು ಕಾಫಿ ಲೋಟ ನನ್ನ ಮುಂದೆ ಸರಿಸಿದಳು.

“ನೀನು ಹೊರಗೆ ಕೂತದ್ದು ತಪ್ಪಲ್ಲ ಮಾರಾಯ್ತಿ. ಒಳಗಿದ್ದೆ ಅಂತ ಬರೆದಿಯಲ್ಲ, ಅದು. ಇಲ್ಲೇ ಕೂತು ಫೋನ್ ಮಾಡು. ನಾನು ಪಕ್ಕದಲ್ಲಿರ್ತೇನೆ.”

ಮಾರನೆಯ ದಿನ ಮಧ್ಯಾಹ್ನ ಅವಳ ಮನೆಯ ಚಾವಡಿಯಲ್ಲಿ ವಿಡಿಯೋ ಕಾಲ್. ಅಲ್ಲಿ ಬೆಳಗಿನ ಹೊತ್ತು. ಗುಡಿಸಲಿನ ಜಾಗದಲ್ಲಿ ಈಗ ತಗಡಿನ ಸೂರಿನ ಕಟ್ಟಡ. ಬಿಳಿ ಅಂಗಿ ತೊಟ್ಟ ಏಳೆಂಟು ಮುದುಕರು ಬೆಂಚಿನ ಮೇಲೆ, ಹಿಂದೆ ಹೆಂಗಸರು. ಕಾರ್ಯದರ್ಶಿ ನನ್ನ ಇಂಗ್ಲಿಷನ್ನು ಅವರ ಭಾಷೆಗೆ ತಿರುಗಿಸುತ್ತಿದ್ದರು. ನಾನು ಚಪ್ಪಲಿ ಬಿಟ್ಟು ನಿಂತೆ.

ನಾನು ಆ ದಿನ ಒಳಗಿರಲಿಲ್ಲ ಎಂದೆ. ಪುಸ್ತಕದ ಮಾತು ಒಡಿಯಾಂಬೊ ಹೇಳಿದ್ದು, ನಾನು ಕಂಡದ್ದಲ್ಲ. ಹಿರಿಯರಲ್ಲೊಬ್ಬರು ಮುಂದೆ ಬಾಗಿ, ಯಾಕೆ ಒಳಗಿರಲಿಲ್ಲ ಎಂದು ಕೇಳಿದರು. ಮೇಷ್ಟ್ರು ಕೇಳಿಯಾರೆಂದು ಹೆದರಿದ್ದ ಪ್ರಶ್ನೆ ಅದೇ. ಕಾರ್ಯದರ್ಶಿಗೆ ಕಾಯದೆ, ನನಗೆ ಉಳಿದಿದ್ದ ಹರಕುಮುರುಕು ಭಾಷೆಯಲ್ಲಿ ನಾನೇ ಹೇಳಿದೆ. ಮುಟ್ಟಾಗಿದ್ದೆ, ಮರದಡಿ ಕೂತಿದ್ದೆ, ಹೇಳಲು ನಾಚಿಕೆಯಾಗಿ ಸುಳ್ಳು ಬರೆದೆ. ಹಿಂದಿನ ಸಾಲಿನ ಹೆಂಗಸರಲ್ಲಿ ಗುಸುಗುಸು ಎದ್ದಿತು. ಇನ್ನೊಬ್ಬ ಹಿರಿಯರು ಸಿಟ್ಟಾದರು. ಅಂದು ಸುಳ್ಳು ಬರೆದವಳನ್ನು ಇಂದು ಹೇಗೆ ನಂಬುವುದು ಎಂದರು. ಅಷ್ಟರಲ್ಲಿ ಒಬ್ಬ ಮುದುಕಿ ಎದ್ದು ನಿಂತು, ತಾಯಿ ಇವಳದ್ದು ಇನ್ನೊಂದು ದಿನ ಎನ್ನುತ್ತಿದ್ದರು, ಆ ದಿನ ಇಂದು ಬಂತು, ತಪ್ಪು ಒಪ್ಪಿಕೊಂಡ ಬಾಯಿ ಇದು, ಇನ್ನು ಕೇಳಿ ಎಂದಳು. ಹಿರಿಯರು ಫೋನನ್ನು ಬಾಗಿಲ ಕಡೆ ತಿರುಗಿಸಿದರು.

ಅತಿಯೆನೊ ಕಟ್ಟಡದ ಬಾಗಿಲಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಒಳಗೆ ಬಿಟ್ಟಿರಲಿಲ್ಲ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಬಯ್ಯಲಿಲ್ಲ. ನಿಧಾನವಾಗಿ ಕೇಳಿದಳು.

“ಒಳಗೆ ಏನಾಯಿತು ಅಂತ ನಾನು ನಿನ್ನನ್ನು ಕೇಳುವುದಿಲ್ಲ. ನೀನೂ ಇರಲಿಲ್ಲ, ನಾನೂ ಇರಲಿಲ್ಲ. ಮರದ ಕೆಳಗೆ ಏನು ಕಂಡೆ, ಅದನ್ನು ಹೇಳು.”

ನನಗೆ ತಾಯಿ ನೀರು ಕೊಟ್ಟದ್ದು ನೆನಪಿತ್ತು. ಅದೊಂದನ್ನೇ ಇಷ್ಟು ವರ್ಷ ಪ್ರೀತಿಯಿಂದ ಇಟ್ಟುಕೊಂಡಿದ್ದೆ. ಕಣ್ಣು ಮುಚ್ಚಿ ಅದರ ಮುಂದಿನದನ್ನು ನೆನೆಸಿದೆ. ತಾಯಿ ಎದ್ದರು, ಎರಡೂ ಕೈ ಬೀಸಿಕೊಂಡು ಇಳಿಜಾರಿನಲ್ಲಿ ಹೋದರು. ಎರಡೂ ಕೈ. ಬರುವಾಗ ಬುರುಡೆ ಇತ್ತು, ಹೋಗುವಾಗ ಇರಲಿಲ್ಲ. ಆಮೇಲೆ ಅತಿಯೆನೊ ಕೋಡು ಸುಲಿಯಲಿಲ್ಲ, ಯಾಕೆಂದರೆ ಅವಳ ಮಡಿಲಲ್ಲಿ ಬುರುಡೆ ಇತ್ತು, ಅದನ್ನು ಎರಡು ಕೈಯಲ್ಲಿ ಹಿಡಿದು ಕಲ್ಲಿನಂತೆ ಕೂತಿದ್ದಳು. ಏಳುವ ಮೊದಲು ತಾಯಿಯೇ ಅದನ್ನು ಅಲ್ಲಿ ಇಟ್ಟಿದ್ದರು. ಮುಟ್ಟಾದವಳು ಮುಟ್ಟಬಾರದ ಬುರುಡೆ. ನಾನು ಅದನ್ನು ನೋಡುತ್ತಲೇ ಅಲಸಂದೆ ಸುಲಿದಿದ್ದೆ. ಘಟನೆ ಗುಡಿಸಲಿನ ಒಳಗೆ ನಡೆಯುತ್ತಿದೆ ಎಂದು ಕೊರಗುತ್ತಾ ಕೂತವಳಿಗೆ ಮೊಳ ದೂರದಲ್ಲಿ ನಡೆದದ್ದು ಘಟನೆ ಅನಿಸಲೇ ಇಲ್ಲ. ಸಂಜೆ ಆ ಮರವನ್ನು ಮುಚ್ಚಿಟ್ಟೆ. ಅದರ ಜೊತೆ ಇದೂ ಹೋಯಿತು.

ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಇಟ್ಟರು ಎಂದೆ, ಯಾಕೆ ಇಟ್ಟರು ಎನ್ನಲಿಲ್ಲ. ಹೇಳಿ ಮುಗಿಸಿ, ತಪ್ಪಾಯಿತು ಎಂದು ಅತಿಯೆನೊಗೆ ಕೈ ಮುಗಿದೆ.

“ಆ ಮರ ನಿನ್ನ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲವಂತೆ. ತಂಗಿಯ ಮೊಮ್ಮಗಳ ಹತ್ತಿರ ಓದಿಸಿ ನೋಡಿದೆ” ಎಂದಳು ಅವಳು. “ತಿಂಗಳಿಗೆ ಮೂರು ದಿನ ನಾವೆಲ್ಲ ಅಲ್ಲೇ ಇರುತ್ತಿದ್ದೆವಲ್ಲ. ನೀನೂ ಇರುತ್ತಿದ್ದೆ.”

ಇಲ್ಲ ಎಂದು ಒಪ್ಪಿಕೊಂಡೆ. ಎರಡು ವರ್ಷದಲ್ಲಿ ಆ ಮರದಡಿ ನಾನು ಕಳೆದ ದಿನಗಳಿಗೆ ಲೆಕ್ಕವಿಲ್ಲ. ಯಾರ ಕನಸಿನಲ್ಲಿ ಯಾವ ಹಿರಿಯರು ಬಂದರು, ತಾಯಿ ಮಿಷನ್ ಚರ್ಚು ಬಿಟ್ಟದ್ದು ಯಾಕೆ, ಎಲ್ಲ ಅಲ್ಲೇ ಮಾತಾಗುತ್ತಿತ್ತು. ಹೊರಗೆ ಕೂತಾಗ ಕೆಲಸವಿಲ್ಲ ಎಂಬ ನಮ್ಮ ಮನೆಯ ಅಭ್ಯಾಸದಂತೆ ನಾನು ಆ ದಿನಗಳಲ್ಲಿ ನೋಟ್‌ಬುಕ್ಕನ್ನೇ ಮುಟ್ಟುತ್ತಿರಲಿಲ್ಲ.

ಹಿರಿಯರು ಯೋಚಿಸಿ ತಿಳಿಸುತ್ತೇವೆ ಎಂದರು. ಹನ್ನೊಂದು ದಿನ ಸುದ್ದಿಯಿಲ್ಲ. ಪುಸ್ತಕ ಪ್ರಕಟಿಸಿದವರಿಗೆ ಪತ್ರ ಬರೆದೆ, ನನ್ನ ಹಳೆಯ ವಿಭಾಗಕ್ಕೂ ಬರೆದೆ. ಒಬ್ಬ ಹಳೆಯ ವಿದ್ಯಾರ್ಥಿ ಫೋನ್ ಮಾಡಿ, ಈಗ ಇದೆಲ್ಲ ಯಾಕೆ ಬೇಕಿತ್ತು ಮೇಡಂ ಎಂದ. ಇನ್ನೊಬ್ಬಳು ಫೋನ್ ಮಾಡುವುದನ್ನೇ ನಿಲ್ಲಿಸಿದಳು. ದಿನಕ್ಕೆ ನಲವತ್ತು ಸಲ ಫೋನ್ ತೆಗೆದು ನೋಡುತ್ತಿದ್ದೆ. ಅತಿಯೆನೊಗೆ ಮೈ ಹುಷಾರಿಲ್ಲ, ತಡವಾದರೆ ನನ್ನ ಮಾತು ಬಂದೂ ಏನು ಬಂತು ಎಂಬ ಹೆದರಿಕೆ.

ಹನ್ನೆರಡನೆಯ ದಿನ ಕಾರ್ಯದರ್ಶಿ ಒಂದು ಫೋಟೋ ಕಳಿಸಿದರು, ಕೆಳಗೆ ನಾಲ್ಕು ಸಾಲು. ಭಾನುವಾರ ಹಿರಿಯರು ಬುರುಡೆಯನ್ನು ಅತಿಯೆನೊ ಕೈಗೆ ಕೊಟ್ಟು ಒಳಗೆ ಬನ್ನಿ ಎಂದು ಕರೆದರಂತೆ. ಅವಳು ಬರಲಿಲ್ಲ. ನನಗೆ ಇದು ಕೊಟ್ಟದ್ದು ಅಲ್ಲಿ, ನೀರು ಕೊಡುವುದೂ ಅಲ್ಲೇ ಎಂದು ಹೇಳಿ ಮರದ ಕಡೆ ಹೋದಳಂತೆ. ಫೋಟೋದಲ್ಲಿ ಅವಳು ಆ ಮರದ ಬುಡದಲ್ಲಿ ಕೂತಿದ್ದಾಳೆ. ಕಟ್ಟಡದ ಬಾಗಿಲಿನಿಂದ ಅಲ್ಲಿಯವರೆಗೆ ಬಿಳಿ ಅಂಗಿಯವರ ಸಾಲು. ಎಲ್ಲರೂ ಹೊರಗೆ ಬಂದಿದ್ದಾರೆ. ಮೊದಲು ನಿಂತವರು ನನ್ನ ಮೇಲೆ ಸಿಟ್ಟಾದ ಆ ಹಿರಿಯರು, ಅಂಗೈ ಚಾಚಿದ್ದಾರೆ.

ಆ ರಾತ್ರಿ ನಾನು ಟ್ರಂಕಿನಿಂದ ಹಳೆಯ ನೋಟ್‌ಬುಕ್ ತೆಗೆದೆ. ಮೇಷ್ಟ್ರು ಶಹಬ್ಬಾಸ್ ಎಂದು ಬರೆದ ಎಡಪುಟವನ್ನು ಅಡ್ಡ ಗೀಟೆಳೆದು ಹೊಡೆದುಹಾಕಿದೆ, ಕೆಂಪು ಪೆನ್ಸಿಲಿನಲ್ಲೇ. ಕೆಳಗೆ ಜಾಗವಿತ್ತು. ನಾನು ಹೊರಗೆ ಕೂತಿದ್ದೆ, ತಾಯಿ ಬಂದು ಬುರುಡೆಯನ್ನು ಅತಿಯೆನೊ ಮಡಿಲಲ್ಲಿ ಇಟ್ಟು ಬರಿಗೈಯಲ್ಲಿ ಹೋದರು ಎಂದು ಬರೆದೆ. ಈಗ ಇದನ್ನೆಲ್ಲ ಬರೆದು ಮುಗಿಸಿದ್ದೇನೆ, ನಾಳೆ ಶ್ವೇತಾಗೆ ಫೋನ್ ಮಾಡಬೇಕು. ಬಸರೀಕಟ್ಟೆಯ ಆ ಲೈನ್ ಮನೆಗಳಲ್ಲಿ ಭಾನುವಾರ ಒಳಗೆ ಹೋಗದ ಹೆಂಗಸರು ಎಲ್ಲಿ ಕೂರುತ್ತಾರೆ ಎಂದು ಮೊದಲು ನೋಡಿಕೊಂಡು ಬಾ ಎನ್ನಬೇಕು.